ಬೇಟೆಗೆ ಹೋದವನೇ ಸಾಕ್ಷಿಯಾದಾಗ: ಡಚ್ಚರ ಕ್ಷಮಾಪಣೆ ಮತ್ತು 1796ರ ಒಂದು ಸಚಿತ್ರ ಪುಸ್ತಕ

2025ರ ಡಿಸೆಂಬರ್ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ದೊರೆ ವಿಲ್ಲೆಮ್-ಅಲೆಕ್ಸಾಂಡರ್ ಸುರಿನಾಮಿಗೆ ಭೇಟಿ ಕೊಟ್ಟರು. ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯ ಈ ಪುಟ್ಟ ದೇಶ ಡಚ್ಚರ ಆಳ್ವಿಕೆಯಿಂದ ಹೊರಬಂದದ್ದು 1975ರ ನವೆಂಬರ್ 25ರಂದು. ಅದಕ್ಕೆ ಐವತ್ತು ವರ್ಷ ತುಂಬಿದ ಸಂದರ್ಭದ ಭೇಟಿ ಅದು. ಗುಲಾಮಗಿರಿಯ ಮಾತು ಬರಲೇಬೇಕಿತ್ತು, ಬಂತು. ದೂರದಿಂದ ಸುದ್ದಿ ಓದಿದವರಿಗೆ ಮಾತ್ರ ತಲೆ ಬುಡ ಅರ್ಥವಾಗುವುದಿಲ್ಲ. 2022ರಲ್ಲೇ ಡಚ್ ಪ್ರಧಾನಿ ಕ್ಷಮೆ ಕೇಳಿದ್ದರಲ್ಲ? ಮರುವರ್ಷ ಇದೇ ದೊರೆ ಮತ್ತೊಮ್ಮೆ ಕೇಳಿದ್ದರಲ್ಲ? ಇನ್ನೂ ಮುಗಿಯದೆ ಉಳಿದಿರುವುದಾದರೂ ಏನು?

ಈ ಚರ್ಚೆ ಎದ್ದಾಗಲೆಲ್ಲ ಒಂದು ಚಿತ್ರವೂ ಎದ್ದು ಬರುತ್ತದೆ. ಗಲ್ಲುಮರದ ಕೊಕ್ಕೆಗೆ ಪಕ್ಕೆಲುಬು ಸಿಕ್ಕಿಸಿ ಜೀವಂತ ನೇತುಹಾಕಿದ ಕಪ್ಪು ಮನುಷ್ಯ. ಹಿಂದೆ ಸಮುದ್ರ, ಹಡಗು. ಕೆಳಗೆ ಚೆಲ್ಲಿದ ಬುರುಡೆ, ಎಲುಬು. ಅಮೆರಿಕ ಖಂಡಗಳ ಗುಲಾಮಗಿರಿಯ ಬಗ್ಗೆ ಬಂದ ಪುಸ್ತಕಗಳಲ್ಲಿ, ಪ್ರದರ್ಶನಗಳಲ್ಲಿ ಅತಿ ಹೆಚ್ಚು ಬಳಕೆಯಾದ ಚಿತ್ರಗಳಲ್ಲಿ ಇದೂ ಒಂದು. ಕೆತ್ತಿದವನು ಇಂಗ್ಲಿಷ್ ಕವಿ, ಕಲಾವಿದ ವಿಲಿಯಂ ಬ್ಲೇಕ್. ಮೂಲ ಚಿತ್ರವನ್ನೂ ಅದರ ಕಥೆಯನ್ನೂ 1796ರಲ್ಲಿ ಅಚ್ಚಾದ ತನ್ನ ಸುರಿನಾಮ್ ಅನುಭವದ ಪುಸ್ತಕದಲ್ಲಿ ಕೊಟ್ಟವನು ಜಾನ್ ಗೇಬ್ರಿಯಲ್ ಸ್ಟೆಡ್‌ಮನ್. ಅವನು ಗುಲಾಮಗಿರಿ ವಿರೋಧಿ ಹೋರಾಟಗಾರನೇನಲ್ಲ. ತೋಟಗಳಿಂದ ತಪ್ಪಿಸಿಕೊಂಡವರನ್ನು ಕಾಡಿನಲ್ಲಿ ಹುಡುಕಿ ಬಡಿಯಲು ಸಂಬಳಕ್ಕೆ ಹೋದ ಸೈನಿಕ.

ಇಂಥವನ ಪುಸ್ತಕ ಗುಲಾಮಗಿರಿಯ ವಿರುದ್ಧದ ಸಾಕ್ಷ್ಯವಾದದ್ದು ಹೇಗೆ, ಆ ಸಾಕ್ಷ್ಯ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡಿದರೆ ಇವತ್ತಿನ ಕ್ಷಮಾಪಣೆಯ ಜಗಳವೂ ತಿಳಿಯಾಗುತ್ತದೆ. ಎರಡರಲ್ಲೂ ತೊಡಕು ಒಂದೇ ಜಾಗದಲ್ಲಿದೆ. ಮರುಗುವವನು ತನ್ನ ಕೈಯಲ್ಲಿರುವ ಏನನ್ನೂ ಬಿಟ್ಟುಕೊಡದಿದ್ದರೆ ಆ ಮರುಕಕ್ಕೆ ಎಷ್ಟು ಬೆಲೆ?

ಕ್ಷಮೆ ಕೇಳಿದ್ದು ಯಾರು, ಯಾವಾಗ

2022ರ ಡಿಸೆಂಬರ್ 19ರಂದು ಅಂದಿನ ಪ್ರಧಾನಿ ಮಾರ್ಕ್ ರುಟ್ಟೆ ಡಚ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ದಿನ ಗೊತ್ತುಮಾಡುವಾಗ ನಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದು ಸುರಿನಾಮಿನ ಹಲವು ಸಂಘಟನೆಗಳು ಸಿಟ್ಟಾದವು. ಅವರಿಗೆ ಅರ್ಥವಿದ್ದ ದಿನ ಜುಲೈ 1, ಅಂದರೆ 1863ರಲ್ಲಿ ಗುಲಾಮಗಿರಿ ರದ್ದಾದ ದಿನ. ಪ್ರತಿವರ್ಷ ಅಂದು ಅಲ್ಲಿ 'ಕೇಟಿ ಕೋಟಿ' ಹಬ್ಬ. 2023ರ ಜುಲೈ 1ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ದೊರೆ ಕ್ಷಮೆ ಕೇಳಿದರು; ತಮ್ಮ ಮನೆತನ ಅಂದು ಕೈಕಟ್ಟಿ ಕುಳಿತದ್ದಕ್ಕೂ ಕ್ಷಮೆ ಯಾಚಿಸಿದರು. ಅದಕ್ಕೆ ಕೆಲವೇ ದಿನ ಮೊದಲು ಹೊರಬಂದ ಸರ್ಕಾರಿ ಅಧ್ಯಯನವೊಂದು 1675ರಿಂದ 1770ರವರೆಗೆ ರಾಜಮನೆತನಕ್ಕೆ ವಸಾಹತುಗಳಿಂದ ಸಂದ ಆದಾಯ ಇಂದಿನ ಬೆಲೆಯಲ್ಲಿ ಸುಮಾರು 54.5 ಕೋಟಿ ಯೂರೊ ಎಂದು ಲೆಕ್ಕ ಹಾಕಿತ್ತು.

ಸರ್ಕಾರ ತೆಗೆದಿಟ್ಟದ್ದು 20 ಕೋಟಿ ಯೂರೊಗಳ ನಿಧಿ. ಅದು ಜಾಗೃತಿ, ಶಿಕ್ಷಣ, ಸಂಸ್ಕೃತಿಯಂಥ ಕೆಲಸಗಳಿಗೆ. ಸುರಿನಾಮಿನ ಪಾಲು ಸುಮಾರು 6.6 ಕೋಟಿ. ಯಾರಿಗೂ ವೈಯಕ್ತಿಕ ಪರಿಹಾರವಿಲ್ಲ. ಸರ್ಕಾರದ ವಾದ ಸರಳ. ಅನ್ಯಾಯಕ್ಕೆ ಒಳಗಾದವರು ಈಗ ಬದುಕಿಲ್ಲ, ಪರಿಹಾರವನ್ನು ಯಾರಿಗೆ, ಎಷ್ಟು ಎಂದು ಅಳೆಯುವುದು? ಅತ್ತ ಡಚ್ ಜನರಲ್ಲೇ ಬಹಳಷ್ಟು ಮಂದಿ, ಮುತ್ತಜ್ಜರು ಮಾಡಿದ್ದಕ್ಕೆ ನಾವೇಕೆ ತಲೆ ತಗ್ಗಿಸಬೇಕು ಎನ್ನುತ್ತಾರೆ.

ಎದುರು ಪಕ್ಷದ ಉತ್ತರ ಇನ್ನೂ ಸರಳ: ಅಳೆಯಲು ಬರುವುದಿಲ್ಲ ಎನ್ನಬೇಡಿ, ಒಮ್ಮೆ ಅಳೆದಿದ್ದೀರಿ. 1863ರಲ್ಲಿ ಸುರಿನಾಮಿನ ಮಾಲೀಕರಿಗೆ ಒಬ್ಬೊಬ್ಬ ಗುಲಾಮನಿಗೆ 300 ಗಿಲ್ಡರ್‌ನಂತೆ ಡಚ್ ಸರ್ಕಾರ ಪರಿಹಾರ ಎಣಿಸಿಕೊಟ್ಟಿತು. ಬಿಡುಗಡೆಯಾದವರು ಸುಮಾರು 34,000 ಮಂದಿ. ಮೊತ್ತ ಒಂದು ಕೋಟಿ ಗಿಲ್ಡರ್‌ಗಳ ಆಸುಪಾಸು. ಆ ಹಣಕ್ಕೆ ಒದಗಿದ್ದು ಬಹುಪಾಲು ಜಾವಾದ ರೈತರಿಂದ ಹಿಂಡಿ ತೆಗೆದ ಆದಾಯ. ಒಂದು ವಸಾಹತಿನ ಪಾಪಕ್ಕೆ ಇನ್ನೊಂದು ವಸಾಹತು ದಂಡ ತೆತ್ತಿತು. ಬಿಡುಗಡೆಯಾದವರ ಕೈಗೆ ಬಿಡಿಗಾಸೂ ಬರಲಿಲ್ಲ. ಮೇಲಾಗಿ ಇನ್ನೂ ಹತ್ತು ವರ್ಷ, 1873ರವರೆಗೆ, 'ಸರ್ಕಾರಿ ಮೇಲ್ವಿಚಾರಣೆ'ಯ ಹೆಸರಿನಲ್ಲಿ ತೋಟಗಳಲ್ಲೇ ಕರಾರಿನ ಮೇಲೆ ದುಡಿಯಬೇಕು ಎಂಬ ಕಟ್ಟಳೆ. ಸುದ್ದಿಗಳಲ್ಲಿ ಒಮ್ಮೆ 1863, ಒಮ್ಮೆ 1873 ಎಂದು ಬರುವುದು ಇದೇ ಕಾರಣಕ್ಕೆ.

ಸಾಲ, ಕೆಸರು, ಕಾಡು

ಸುರಿನಾಮ್ ಡಚ್ಚರ ಕೈ ಸೇರಿದ್ದು 1667ರಲ್ಲಿ. ಆ ವರ್ಷದ ಬ್ರೆಡಾ ಒಪ್ಪಂದದಲ್ಲಿ ಅದು ಇವರಿಗೆ ಉಳಿಯಿತು, ಇಂದಿನ ನ್ಯೂಯಾರ್ಕ್ ಇಂಗ್ಲಿಷರಿಗೆ ಉಳಿಯಿತು. 1683ರಿಂದ ವಸಾಹತನ್ನು ನಡೆಸಿದ್ದು ಒಂದು ಖಾಸಗಿ ಪಾಲುದಾರಿಕೆ: ಆಮ್‌ಸ್ಟರ್‌ಡ್ಯಾಮ್ ನಗರಸಭೆ, ವೆಸ್ಟ್ ಇಂಡಿಯಾ ಕಂಪನಿ ಮತ್ತು ಒಂದು ಶ್ರೀಮಂತ ಮನೆತನ.

ಕಬ್ಬು, ಕಾಫಿ, ಕೋಕೋ, ಹತ್ತಿಯ ತೋಟಗಳೆಲ್ಲ ನದಿ ದಂಡೆಯ ಜೌಗು ನೆಲದಲ್ಲಿ ಎದ್ದವು. ಏರಿ ಕಟ್ಟಿ, ಕಾಲುವೆ ತೋಡಿ, ತೂಬಿಟ್ಟು ನೀರನ್ನು ಹಿಡಿತದಲ್ಲಿಟ್ಟರೆ ಮಾತ್ರ ಬೆಳೆ. ಆ ಕೆಸರನ್ನೆಲ್ಲ ಎತ್ತಿದ್ದು ಮನುಷ್ಯರ ಕೈ. 1753ರಿಂದ ಆಮ್‌ಸ್ಟರ್‌ಡ್ಯಾಮ್‌ನ ವರ್ತಕರು ತೋಟಗಳ ಅಡಮಾನದ ಮೇಲೆ ಸಾಲಪತ್ರ ಹೊರಡಿಸಿ ಬಂಡವಾಳ ಹರಿಸತೊಡಗಿದರು. ಅಡಮಾನದ ಬೆಲೆಯಲ್ಲಿ ಗುಲಾಮರ ಬೆಲೆಯೂ ಸೇರಿತ್ತು. ಆಸ್ತಿಯ ಬೆಲೆಯನ್ನು ಏರಿಸಿ ಬರೆದದ್ದರಿಂದ ಸಾಲವೂ ಏರಿತು. 1770ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹಣದ ಪೇಟೆ ಕುಸಿದಾಗ ತೋಟಗಾರರ ಕುತ್ತಿಗೆಗೆ ಬಂತು. ಎಷ್ಟೋ ಮಾಲೀಕರು ಯೂರೋಪಿನಲ್ಲೇ ಇದ್ದವರು. ತೋಟಗಳು ಏಜೆಂಟರ, ಮೇಲ್ವಿಚಾರಕರ ಕೈಯಲ್ಲಿದ್ದವು. ಬಡ್ಡಿ ಹುಟ್ಟಿಸಬೇಕು, ಮೇಲಿನವರಿಗೆ ಲೆಕ್ಕ ತೋರಿಸಬೇಕು, ಅದಕ್ಕೆ ಅವರ ಕೈಗೆ ಸಿಕ್ಕಿದ್ದು ಗುಲಾಮರ ಬೆನ್ನು. ಸುರಿನಾಮಿನ ಕ್ರೌರ್ಯವನ್ನು ಕೆಲವು ಕೆಟ್ಟ ಮನುಷ್ಯರ ತಲೆಗೆ ಕಟ್ಟುವವರು ಈ ಸಾಲದ ಸರಪಳಿಯನ್ನು ಮರೆಯುತ್ತಾರೆ.

ಇಡೀ ಗುಲಾಮಗಿರಿಯ ಕಾಲದಲ್ಲಿ ಅಲ್ಲಿಗೆ ತಂದಿಳಿಸಿದ ಆಫ್ರಿಕನ್ನರು 2 ಲಕ್ಷಕ್ಕೂ ಹೆಚ್ಚು. ಆದರೆ ವಸಾಹತಿನ ಗುಲಾಮರ ಸಂಖ್ಯೆ 18ನೇ ಶತಮಾನದ ಉಚ್ಛ್ರಾಯದಲ್ಲೂ 60 ಸಾವಿರದ ಆಸುಪಾಸಿನಲ್ಲೇ ನಿಂತಿತ್ತು, ಬಿಡುಗಡೆಯ ಹೊತ್ತಿಗೆ ಇನ್ನೂ ಇಳಿದಿತ್ತು. ಹುಟ್ಟಿಗಿಂತ ಸಾವು ಹೆಚ್ಚು. ಸತ್ತವರ ಜಾಗಕ್ಕೆ ಹೊಸಬರನ್ನು ಕೊಂಡು ತುಂಬುವುದು. ಬೇರೆ ಯಾವ ವರ್ಣನೆಯೂ ಈ ಎರಡು ಅಂಕಿಗಳಷ್ಟು ಹೇಳಲಾರದು.

ತೋಟದ ಹಿಂಬದಿಗೇ ದಟ್ಟ ಕಾಡು. ಓಡಿಹೋದವರು ಅಲ್ಲಿ ಊರು ಕಟ್ಟಿದರು. ಇವರನ್ನು ಮರೂನರು ಎನ್ನುತ್ತಾರೆ. ದಶಕಗಳ ಕಾದಾಟದ ನಂತರ ವಸಾಹತು ಸೋತು ಸಂಧಿಗೆ ಇಳಿಯಿತು. 1760ರಲ್ಲಿ ಎನ್‌ಡ್ಯೂಕರ ಜೊತೆ, 1762ರಲ್ಲಿ ಸಾರಮಾಕರ ಜೊತೆ ಒಪ್ಪಂದವಾಯಿತು. ಅವರ ಸ್ವಾತಂತ್ರ್ಯವನ್ನು ಡಚ್ಚರು ಒಪ್ಪಿದರು. ಪ್ರತಿಯಾಗಿ, ಹೊಸದಾಗಿ ಓಡಿಬಂದವರನ್ನು ಹಿಡಿದು ಒಪ್ಪಿಸಬೇಕು ಎಂಬ ಷರತ್ತು. ಹಳೆಯ ಮರೂನರ ಬಾಗಿಲು ಹೀಗೆ ಮುಚ್ಚಿದ್ದರಿಂದ ಹೊಸಬರು ಬೋನಿ ಎಂಬ ನಾಯಕನ ಸುತ್ತ ಪ್ರತ್ಯೇಕವಾಗಿ ಸೇರಿದರು. ಕೊಟ್ಟಿಕಾ, ಕೊಮ್ಮೆವೈನ್ ನದಿಗಳ ತೋಟಗಳಿಗೆ ಬೆಂಕಿ ಬಿತ್ತು. ಅವರನ್ನು ಹತ್ತಿಕ್ಕಲು ಯೂರೋಪಿನಿಂದ ಸೈನ್ಯ ಕರೆಸಲಾಯಿತು.

ಸಂಬಳದ ಸಿಪಾಯಿ

ಸ್ಟೆಡ್‌ಮನ್ ಹುಟ್ಟಿದ್ದು 1744ರಲ್ಲಿ, ಇಂದಿನ ಬೆಲ್ಜಿಯಂನ ಡೆಂಡರ್‌ಮೊಂಡೆಯಲ್ಲಿ. ತಂದೆ ಡಚ್ಚರ ಸೇವೆಯಲ್ಲಿದ್ದ ಸ್ಕಾಟ್ಸ್ ಬ್ರಿಗೇಡಿನ ಅಧಿಕಾರಿ. ಮಗನಿಗೆ ಸಾಲವಿತ್ತು, ಬಡ್ತಿಯ ಆಸೆಯಿತ್ತು. 1772ರ ಡಿಸೆಂಬರಿನಲ್ಲಿ ಸ್ವಿಸ್ ಕರ್ನಲ್ ಫೂರ್ಜೂ ನೇತೃತ್ವದ ದಂಡಿನಲ್ಲಿ ಹಡಗು ಹತ್ತಿ, 1773ರ ಫೆಬ್ರುವರಿಯಲ್ಲಿ ಸುರಿನಾಮ್ ತಲುಪಿದ. ವಾಪಸಾದದ್ದು 1777ರಲ್ಲಿ. ಅವನೇ ಬರೆದಂತೆ, ಒಟ್ಟು ಸುಮಾರು 1,200 ಸೈನಿಕರಲ್ಲಿ ಊರಿಗೆ ಮರಳಿದವರು ನೂರೂ ಇಲ್ಲ. ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಜ್ವರ, ಭೇದಿ ಮತ್ತು ಕೊಳೆತ ಕಾಲು.

ಯುದ್ಧದ ನಿಜವಾದ ಭಾರ ಹೊತ್ತವರು ಬೇರೆ. ಫೂರ್ಜೂ ದಂಡು ಬರುವ ಮುನ್ನವೇ, 1772ರಲ್ಲಿ, ವಸಾಹತು 116 ಗುಲಾಮರನ್ನು ಮಾಲೀಕರಿಂದ ಕೊಂಡು, ಸ್ವಾತಂತ್ರ್ಯ ಮತ್ತು ತುಂಡು ನೆಲದ ಭರವಸೆ ಕೊಟ್ಟು, ಕೆಂಪು ಟೋಪಿ ಹಾಕಿಸಿ ಒಂದು ಪಡೆ ಕಟ್ಟಿತ್ತು. ಕಾಡು ಬಲ್ಲ ಈ ರೇಂಜರ್‌ಗಳೇ ಬೋನಿಯ ಬೂಕೂ ಕೋಟೆಯನ್ನು ಕೆಡವಿದರು. ನೂರಾರು ಮಂದಿಯ ಬಿಡುಗಡೆಯನ್ನು ದುಡ್ಡು ಕೊಟ್ಟು ಕೊಂಡದ್ದು ಸಾವಿರಾರು ಮಂದಿಯ ಗುಲಾಮಗಿರಿಯನ್ನು ಉಳಿಸಿಕೊಳ್ಳಲಿಕ್ಕೆ.

1775ರ ಆಗಸ್ಟ್‌ನಲ್ಲಿ ಗಾಡೊ ಸಾಬಿ ಎಂಬ ಮರೂನ್ ಹಳ್ಳಿಯ ಮೇಲೆ ದಾಳಿ ನಡೆಯಿತು. ಸ್ಟೆಡ್‌ಮನ್ ಅಲ್ಲಿದ್ದ. ಸುತ್ತ ಜೌಗು, ನಡುವೆ ಬೆಳೆದು ನಿಂತ ಭತ್ತದ ಗದ್ದೆ, ಅದರಾಚೆ ಮನೆಗಳು. ಪುಸ್ತಕದ ಅತ್ಯುತ್ತಮ ಪುಟಗಳು ಇಲ್ಲಿವೆ. ಹಳ್ಳಿ ಕೈಬಿಟ್ಟ ರಾತ್ರಿ ಮರೂನರು ಕತ್ತಲಿನಿಂದ ಕೂಗಿ ಬೈಯುತ್ತಾರೆ. ಕೆಂಪು ಟೋಪಿಯವರಿಗೆ ದ್ರೋಹಿಗಳು ಎಂಬ ಬೈಗುಳ. ಬಿಳಿ ಸೈನಿಕರಿಗೆ ಬೈಗುಳವಲ್ಲ, ಕನಿಕರ: ನಾಲ್ಕು ಕಾಸಿಗೆ ಉಪವಾಸ ಬಿದ್ದು ಗುಂಡು ತಿನ್ನಲು ಬಂದ ನೀವು ಬಿಳಿಯ ಗುಲಾಮರು, ನಿಮ್ಮಂಥ ಬೆದರುಗೊಂಬೆಗಳಿಗೆ ಮದ್ದು ಹಾಳುಮಾಡುವುದೂ ದಂಡ. ಸ್ಟೆಡ್‌ಮನ್ ಇದನ್ನು ಮುಚ್ಚಿಡದೆ ಬರೆದಿದ್ದಾನೆ. ತನ್ನ ಸ್ಥಿತಿಯನ್ನು ಎದುರಾಳಿ ತನಗಿಂತ ಚೆನ್ನಾಗಿ ಕಂಡಿದ್ದಾನೆ ಎಂಬುದು ಅವನಿಗೆ ಗೊತ್ತಿತ್ತೆಂದೇ ತೋರುತ್ತದೆ.

ಬೋನಿ ಮಾತ್ರ ಸಿಗಲಿಲ್ಲ. ಜನರೊಂದಿಗೆ ಮಾರೋನಿ ನದಿ ದಾಟಿ ಫ್ರೆಂಚ್ ಗಯಾನಾದ ಕಡೆ ಹೋದ. ಅವನನ್ನು ಕೊಂದದ್ದು 1793ರಲ್ಲಿ. ಅವನ ಜನ ಇಂದಿಗೂ ಅಲುಕು ಎಂಬ ಹೆಸರಿನಲ್ಲಿ ಅಲ್ಲಿದ್ದಾರೆ.

ಕಂಡದ್ದು, ಕೇಳಿದ್ದು

ಪುಸ್ತಕವನ್ನು ಸಾಕ್ಷ್ಯವೆಂದು ಹಿಡಿಯುವವರು ಒಂದು ವಿವೇಚನೆ ಇಟ್ಟುಕೊಳ್ಳಬೇಕು. ಆ ಪ್ರಸಿದ್ಧ ಪಕ್ಕೆಲುಬಿನ ಚಿತ್ರದ ಘಟನೆಯನ್ನು ಸ್ಟೆಡ್‌ಮನ್ ಕಣ್ಣಾರೆ ಕಂಡದ್ದಲ್ಲ. ಬಂದ ಹೊಸದರಲ್ಲಿ ಒಬ್ಬ ಬಿಳಿಯ ಹೇಳಿದ ಹಳೆಯ ಕಥೆ ಅದು. ಅಂಥ ಶಿಕ್ಷೆ ವಸಾಹತಿನಲ್ಲಿ ಇದ್ದದ್ದು ನಿಜ, ಆದರೆ ಚಿತ್ರ ಪ್ರತ್ಯಕ್ಷದರ್ಶಿಯದಲ್ಲ. ಇದರ ಬದಲು ನೆಪ್ಚೂನ್ ಎಂಬ ಸ್ವತಂತ್ರ ಕಪ್ಪು ಬಡಗಿಯನ್ನು ಶಿಲುಬೆಯಾಕಾರದ ಮರಕ್ಕೆ ಬಿಗಿದು ಎಲುಬು ಮುರಿದು ಕೊಂದದ್ದನ್ನು ತಾನೇ ನೋಡಿದೆ ಎನ್ನುತ್ತಾನೆ. ಸಾಯುವ ಹೊತ್ತಿನಲ್ಲೂ ಕಾವಲಿನ ಸಿಪಾಯಿಯನ್ನು ಗೇಲಿ ಮಾಡಿದ ಆ ಮನುಷ್ಯನ ವರ್ಣನೆ ಓದಿದವರಿಗೆ ಬೇಗ ಮರೆಯುವಂಥದಲ್ಲ.

ಇನ್ನೊಂದು ಪ್ರಸಂಗ ಈ ಲೇಖನದ ವಾದಕ್ಕೆ ಹೆಚ್ಚು ಹತ್ತಿರದ್ದು. ತೋಟವೊಂದರಲ್ಲಿ ಸುಮಾರು ಹದಿನೆಂಟರ ಹುಡುಗಿಯನ್ನು ಮರಕ್ಕೆ ಕಟ್ಟಿ ಇನ್ನೂರು ಏಟು ಹೊಡೆದಿದ್ದಾರೆ. ಅವಳ ತಪ್ಪು, ಮೇಲ್ವಿಚಾರಕನಿಗೆ ಮೈಯೊಪ್ಪಿಸದೆ ಇದ್ದದ್ದು. ಸ್ಟೆಡ್‌ಮನ್ ಬಿಡಿಸಲು ಕೇಳಿಕೊಳ್ಳುತ್ತಾನೆ. ಹೊರಗಿನವರು ನಡುವೆ ಬಂದರೆ ಶಿಕ್ಷೆಯನ್ನು ಇಮ್ಮಡಿ ಮಾಡುವುದು ನನ್ನ ಪದ್ಧತಿ ಎಂದು ಮೇಲ್ವಿಚಾರಕ ಉತ್ತರಿಸುತ್ತಾನೆ, ಹಾಗೇ ಮಾಡಿಸುತ್ತಾನೆ. ಸೈನಿಕ ಶಾಪ ಹಾಕುತ್ತ ದೋಣಿಗೆ ಓಡುತ್ತಾನೆ. ಅವನ ಕೈಯಲ್ಲಿ ಬಂದೂಕಿತ್ತು, ಮೈಮೇಲೆ ಅಧಿಕಾರಿಯ ಉಡುಪಿತ್ತು. ಎರಡೂ ಇದ್ದದ್ದು ಆ ಮೇಲ್ವಿಚಾರಕನ ಆಸ್ತಿಯನ್ನು ಕಾಯಲಿಕ್ಕೆ. ಒಳ್ಳೆಯ ಮನಸ್ಸು ಎಲ್ಲಿ ನಿಂತಿದೆ ಎಂಬುದು ಬದಲಾಗದಿದ್ದರೆ ಅದು ಅವಳ ಪಾಲಿಗೆ ಇನ್ನಷ್ಟು ಏಟು ಮಾತ್ರ.

ಮುಖಪುಟದ ಎದುರಿನ ಚಿತ್ರವೂ ಇದನ್ನೇ ತೋರಿಸುತ್ತದೆ, ಬಹುಶಃ ಲೇಖಕ ಉದ್ದೇಶಿಸಿದ್ದಕ್ಕಿಂತ ಸ್ಪಷ್ಟವಾಗಿ. ಬಂದೂಕಿಗೆ ಒರಗಿ ನಿಂತ ಸ್ಟೆಡ್‌ಮನ್, ಕಾಲ ಬಳಿ ರಕ್ತ ಸುರಿಸುತ್ತ ಬಿದ್ದ ಮರೂನ್, ಹಿಂದೆ ಉರಿಯುವ ಗಾಡೊ ಸಾಬಿ. ಕೆಳಗಿನ ಪದ್ಯದ ಭಾವ: ಬೀಳುವುದು ನಿನ್ನ ಪಾಲಿಗೆ ಬಂತು, ಆ ಗಾಯದ ನೋವು ನನ್ನ ಪಾಲಿಗೆ. ಗುಂಡು ಹಾರಿಸಿದವರೇ ನೋವಿನ ಹಕ್ಕನ್ನೂ ಪಡೆದುಕೊಂಡರು.

ಜೊವಾನಾ

ಪುಸ್ತಕ ಜನಪ್ರಿಯವಾದದ್ದು ಯುದ್ಧದಿಂದಲ್ಲ, ಜೊವಾನಾಳಿಂದ. ಹದಿನೈದರ ಈ ಹುಡುಗಿ ಬಿಳಿಯ ತಂದೆಗೂ ಗುಲಾಮ ತಾಯಿಗೂ ಹುಟ್ಟಿದವಳು, ತೋಟದ ಆಸ್ತಿ. ಅವಳೊಂದಿಗೆ ಸ್ಟೆಡ್‌ಮನ್ 'ಸುರಿನಾಮ್ ಮದುವೆ' ಮಾಡಿಕೊಂಡ. ವಸಾಹತಿನಲ್ಲಿ ಇರುವಷ್ಟು ಕಾಲಕ್ಕೆ ಒಬ್ಬಳನ್ನು ಹಣ ಕೊಟ್ಟು ಮನೆಯಲ್ಲಿಟ್ಟುಕೊಳ್ಳುವ ಏರ್ಪಾಡು ಅದು, ಕಾನೂನಿನ ಮದುವೆಯಲ್ಲ. ಅಚ್ಚಾದ ಪುಸ್ತಕದಲ್ಲಿ ಇದೊಂದು ಕಣ್ಣೀರಿನ ಪ್ರೇಮಕಥೆ. ಅವನ ಸ್ವಂತ ದಿನಚರಿಯಲ್ಲಿ ಹಾಗಿಲ್ಲ, ಅಲ್ಲಿ ಹುಡುಗಿಯೂ ತಾಯಿಯೂ ವ್ಯವಹಾರ ಕುದುರಿಸಲು ಬಂದ ಉಲ್ಲೇಖವಿದೆ.

ಅವರಿಗೆ ಜಾನಿ ಎಂಬ ಮಗ ಹುಟ್ಟಿದ. ಮಗನ ಬಿಡುಗಡೆಯಾಯಿತು. ಜೊವಾನಾಳ ಬೆಲೆ 2,000 ಗಿಲ್ಡರ್. ಗೋಡ್‌ಫ್ರಾಯ್ ಎಂಬ ಶ್ರೀಮಂತ ವಿಧವೆ ಆ ಹಣ ಕೊಟ್ಟಳು. ಸ್ಟೆಡ್‌ಮನ್ ಹೊರಟಾಗ ಜೊವಾನಾ ಜೊತೆಗೆ ಬರಲು ಒಪ್ಪಲಿಲ್ಲ. ಯೂರೋಪಿನಲ್ಲಿ ತನ್ನನ್ನು ಕೀಳಾಗಿ ಕಾಣುತ್ತಾರೆ, ಇಲ್ಲಿ ತೀರಿಸಬೇಕಾದ ಋಣವೂ ಇದೆ ಎಂದಳಂತೆ. ಈ ಮಾತುಗಳೂ ನಮಗೆ ಬಂದಿರುವುದು ಅವನ ಲೇಖನಿಯಿಂದಲೇ. ಅವಳು 1782ರಲ್ಲಿ ತೀರಿಕೊಂಡಳು. ಮಗ ಇಂಗ್ಲೆಂಡಿಗೆ ಬಂದು ನೌಕಾಪಡೆ ಸೇರಿ, ತರುಣನಿದ್ದಾಗಲೇ ಜಮೈಕಾ ಬಳಿ ಸತ್ತ.

ಕ್ವಾಕೊ ಎಂಬ ಹುಡುಗನ ಮಾತು ಇದಕ್ಕಿಂತ ಕಡಿಮೆ ಚರ್ಚೆಯಾಗುತ್ತದೆ. ವರ್ಷಗಟ್ಟಲೆ ಸ್ಟೆಡ್‌ಮನ್‌ನ ಜೊತೆ ಕಾಡು ಸುತ್ತಿ ಸೇವೆ ಮಾಡಿದ ಬಾಲಕ ಅವನು. ಆಫ್ರಿಕಾದಲ್ಲಿ ಅವನನ್ನು ಕದ್ದೊಯ್ದ ಕಥೆಯೂ ಪುಸ್ತಕದಲ್ಲಿದೆ. ಯೂರೋಪಿಗೆ ಮರಳಿದ ಮೇಲೆ ಸ್ಟೆಡ್‌ಮನ್ ಅವನನ್ನು ಒಬ್ಬ ಕೌಂಟೆಸ್‌ಗೆ ಉಡುಗೊರೆಯಾಗಿ ಕೊಟ್ಟ.

ಅಚ್ಚಿನಮನೆಯಲ್ಲಿ ಆದದ್ದು

ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಟೆಡ್‌ಮನ್ 1790ರ ಹೊತ್ತಿಗೆ ಹಸ್ತಪ್ರತಿ ಮುಗಿಸಿದ್ದ. ಲಂಡನ್ನಿನ ಪ್ರಕಾಶಕ ಜೋಸೆಫ್ ಜಾನ್ಸನ್ ಎರಡು ಸಂಪುಟಗಳಲ್ಲಿ ಅಚ್ಚು ಮಾಡಿದ್ದು 1796ರಲ್ಲಿ. ನಡುವಿನ ಆರು ವರ್ಷಗಳಲ್ಲಿ ಲೋಕ ಬದಲಾಗಿತ್ತು. 1791ರಲ್ಲಿ ಸೇಂಟ್-ಡೊಮಿಂಗ್, ಅಂದರೆ ಇಂದಿನ ಹೈಟಿಯಲ್ಲಿ, ಗುಲಾಮರು ದಂಗೆ ಎದ್ದು ತೋಟಗಳನ್ನು ಸುಟ್ಟರು. 1793ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಯುದ್ಧ ಶುರುವಾಯಿತು. ದಂಗೆಕೋರರ ಬಗ್ಗೆ ಮೆಚ್ಚುಗೆಯ ಮಾತು ಲಂಡನ್ನಿನಲ್ಲಿ ಅಪಾಯದ ಮಾತಾಯಿತು.

ಜಾನ್ಸನ್ ನೇಮಿಸಿದ ವಿಲಿಯಂ ಥಾಮ್ಸನ್ ಹಸ್ತಪ್ರತಿಯನ್ನು ತಿದ್ದಿದ, ಕೆಲವೆಡೆ ಮತ್ತೆ ಬರೆದ. ಬಿಳಿಯ ಗಂಡಸರು ಗುಲಾಮ ಹೆಣ್ಣುಮಕ್ಕಳನ್ನು ಬಳಸಿಕೊಂಡ ಬಿಚ್ಚುಮಾತು ಮರೆಯಾಯಿತು, ಜೊವಾನಾ ಕಥೆಗೆ ಸಕ್ಕರೆ ಬಿತ್ತು, ಗುಲಾಮಗಿರಿಯನ್ನು ಸಮರ್ಥಿಸುವ ದನಿ ಗಟ್ಟಿಯಾಯಿತು. ಅಚ್ಚಾದ ಹಾಳೆ ನೋಡಿದ ಸ್ಟೆಡ್‌ಮನ್ ತನ್ನ ಪುಸ್ತಕವನ್ನು ಸುಳ್ಳು ತುಂಬಿ ಕೆಡಿಸಿದ್ದಾರೆಂದು ದಿನಚರಿಯಲ್ಲಿ ಕೂಗಾಡಿದ್ದಾನೆ. ಪುಸ್ತಕ ಬಂದ ಮರುವರ್ಷ, 1797ರಲ್ಲಿ, ಸತ್ತ. 1790ರ ಮೂಲ ಹಸ್ತಪ್ರತಿ ಮಿನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿ, ರಿಚರ್ಡ್ ಮತ್ತು ಸ್ಯಾಲಿ ಪ್ರೈಸ್ ಎಂಬ ಮಾನವಶಾಸ್ತ್ರಜ್ಞ ದಂಪತಿ ಅದನ್ನು 1988ರಲ್ಲಿ ಪ್ರಕಟಿಸಿದ ಮೇಲಷ್ಟೇ ಎರಡು ಪಾಠಗಳ ಅಂತರ ಓದುಗರಿಗೆ ತಿಳಿದದ್ದು.

ಹಾಗೆಂದು ಎಲ್ಲ ತಪ್ಪನ್ನೂ ಸಂಪಾದಕನ ತಲೆಗೆ ಕಟ್ಟುವುದೂ ಸರಿಯಲ್ಲ. ಮೂಲದಲ್ಲೂ ಸ್ಟೆಡ್‌ಮನ್ ಗುಲಾಮಗಿರಿಯನ್ನು ಒಮ್ಮೆಲೇ ಕಿತ್ತುಹಾಕಬೇಕು ಎನ್ನುವವನಲ್ಲ. ಒಳ್ಳೆಯ ಯಜಮಾನ, ಮಿತವಾದ ಶಿಕ್ಷೆ, ಸುಧಾರಿತ ಕಾನೂನು ಇದ್ದರೆ ಸಾಕು ಎಂಬುದು ಅವನ ನಿಲುವು.

ವಿಚಿತ್ರವೆಂದರೆ ಚಿತ್ರಗಳು ಈ ನಿಲುವನ್ನು ದಾಟಿ ಹೋದವು. ಒಟ್ಟು ಸುಮಾರು 80 ಫಲಕಗಳಲ್ಲಿ 13ಕ್ಕೆ ಬ್ಲೇಕ್‌ನ ಸಹಿ ಇದೆ. ಇನ್ನು ಕೆಲವೂ ಅವನವೇ ಎನ್ನುತ್ತಾರೆ. ಸ್ಟೆಡ್‌ಮನ್‌ನ ಮೂಲ ವರ್ಣಚಿತ್ರಗಳು ಬಹುಪಾಲು ಕಳೆದುಹೋಗಿರುವುದರಿಂದ ಯಾವ ಗೆರೆ ಸೈನಿಕನದು, ಯಾವುದು ಕವಿಯದು ಎಂದು ಬಿಡಿಸುವುದು ಕಷ್ಟ. ಕೊನೆಯ ಫಲಕದಲ್ಲಿ ಯೂರೋಪ್ ಎಂಬ ಬಿಳಿಯ ಹೆಣ್ಣನ್ನು ಆಫ್ರಿಕಾ, ಅಮೆರಿಕಗಳೆಂಬ ಇಬ್ಬರು ಹೆಣ್ಣುಗಳು ಆಧರಿಸಿ ಹಿಡಿದಿದ್ದಾರೆ. ಸ್ಟೆಡ್‌ಮನ್‌ಗೆ ಅದು ಸೋದರಿಯರ ಸ್ನೇಹ. ಆದರೆ ಚಿತ್ರದಲ್ಲಿ ಯೂರೋಪಿನ ಕೊರಳಲ್ಲಿ ಮುತ್ತು, ಉಳಿದಿಬ್ಬರ ತೋಳಲ್ಲಿ ಗುಲಾಮರ ಕಡಗ. ಫ್ರೆಂಚ್, ಜರ್ಮನ್, ಡಚ್ ಮುಂತಾದ ಭಾಷೆಗಳಿಗೆ ಪುಸ್ತಕ ಹೋದಂತೆ ಈ ಚಿತ್ರಗಳೂ ಹೋದವು, ಗುಲಾಮಗಿರಿ ವಿರೋಧಿಗಳ ಕೈ ಸೇರಿದವು. ಅಮೆರಿಕದ ಲಿಡಿಯಾ ಮರಿಯಾ ಚೈಲ್ಡ್ 1830ರ ದಶಕದಲ್ಲಿ ಜೊವಾನಾ ಕಥೆಯನ್ನಷ್ಟೇ ಬಿಡಿಸಿ ಪ್ರಕಟಿಸಿದಳು.

ಇಂದು ಇದೇ ಚಿತ್ರಗಳ ಸುತ್ತ ಎರಡು ಪಕ್ಷಗಳಿವೆ. ಕ್ರೌರ್ಯವನ್ನು ತೋರಿಸದಿದ್ದರೆ ನಿರಾಕರಿಸುವವರಿಗೆ ದಾರಿ ಸಲೀಸು ಎನ್ನುವವರು ಒಂದು ಕಡೆ. ಕಟ್ಟಿಹಾಕಿದ ಬೆತ್ತಲೆ ಮೈಯನ್ನು ಕಲೆಯ ಸೊಗಸಿನೊಂದಿಗೆ ಮತ್ತೆ ಮತ್ತೆ ಪ್ರದರ್ಶಿಸುವುದು ಆ ಜನರನ್ನು ಮತ್ತೊಮ್ಮೆ ಸರಕಾಗಿಸಿದಂತೆ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ಹೆಚ್ಚು ತೂಕವಿದೆ. ಚಿತ್ರ ಬೇಡವೆಂದಲ್ಲ, ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂದು ಹೇಳದೆ ತೋರಿಸಿದರೆ ನೋಡುವವನೂ ದೋಣಿಗೆ ಓಡಿದ ಸೈನಿಕನ ಜಾಗದಲ್ಲೇ ನಿಲ್ಲುತ್ತಾನೆ.

ಕಾಡಿನ ಕಡೆಯ ನೆನಪು

ಮರೂನರಿಗೆ ತಮ್ಮದೇ ಇತಿಹಾಸವಿದೆ, ಬಾಯಿಂದ ಬಾಯಿಗೆ ಬಂದದ್ದು. ಕ್ವಾಸಿ ಎಂಬವನನ್ನು ನೋಡಿ. ಗುಲಾಮನಾಗಿದ್ದು ವೈದ್ಯನಾಗಿ ಹೆಸರಾದ. ಅವನು ತೋರಿಸಿದ ಕಹಿ ಮರಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅವನ ಹೆಸರಿನಿಂದಲೇ ಕ್ವಾಸಿಯಾ ಎಂದು ಹೆಸರಿಟ್ಟ. ಸ್ಟೆಡ್‌ಮನ್‌ನ ಪುಸ್ತಕದಲ್ಲಿ, ಬ್ಲೇಕ್‌ನ ಕೆತ್ತನೆಯಲ್ಲಿ, ಅವನು ಡಚ್ ರಾಜಮನೆತನದ ಆರೆಂಜ್ ರಾಜಕುಮಾರ ಕೊಟ್ಟ ಜರತಾರಿ ಕೋಟು ತೊಟ್ಟ ಗಣ್ಯ. ಸಾರಮಾಕರ ನೆನಪಿನಲ್ಲಿ ಅವನು ನಂಟನಂತೆ ಬಂದು ಗುಟ್ಟು ತಿಳಿದು ಸೈನ್ಯ ಕರೆತಂದ ದ್ರೋಹಿ, ಅದಕ್ಕೆ ಕಿವಿ ಕತ್ತರಿಸಿ ಕಳಿಸಿದರು.

ಸ್ಟೆಡ್‌ಮನ್‌ನ ದಂಡು ಸುಟ್ಟ ಭತ್ತದ ವಿಷಯವೂ ಹೀಗೆಯೇ. ಅವನಿಗೆ ಅದು ಶತ್ರುವಿನ ದಾಸ್ತಾನು. ಮರೂನ್ ಹೆಂಗಸರು ಹೇಳುವ ಕಥೆಯಲ್ಲಿ ತೋಟದಿಂದ ಓಡುವಾಗ ಅಜ್ಜಿಯಂದಿರು ಜಡೆಯೊಳಗೆ ಬಚ್ಚಿಟ್ಟು ತಂದ ಕಾಳು ಅದು. ಇಂದಿಗೂ ಕೆಲವು ತಳಿಗಳನ್ನು ಆ ಹೆಂಗಸರ ಹೆಸರಿನಿಂದ ಕರೆಯುತ್ತಾರೆ.

ಈ ನೆನಪಿನಿಂದ ನೋಡಿದರೆ ಕ್ಷಮಾಪಣೆಯ ಅರ್ಥವೂ ಬೇರೆ. 1863ರಲ್ಲಿ ಡಚ್ಚರು ಬಿಡುಗಡೆ ಕೊಟ್ಟರು ಎಂಬ ಕಥೆ ಮರೂನರದ್ದಲ್ಲ. ಅದಕ್ಕೆ ಶತಮಾನ ಮೊದಲೇ ಅವರು ಕಾದಾಡಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡವರು. ಅವರ ದೂರು ಆ ಒಪ್ಪಂದ ಮುರಿದದ್ದರ ಬಗ್ಗೆ. 1960ರ ದಶಕದ ಆರಂಭದಲ್ಲಿ, ಡಚ್ ಆಳ್ವಿಕೆಯಲ್ಲೇ, ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ ಬೇಕೆಂದು ಅಫೊಬಾಕಾದಲ್ಲಿ ಅಣೆಕಟ್ಟು ಎದ್ದು ಸಾರಮಾಕರ ನೆಲದ ದೊಡ್ಡ ಭಾಗ ಮುಳುಗಿತು. ಸುಮಾರು 6,000 ಜನ ಊರು ಬಿಟ್ಟರು.

ತೋಟಗಳಿಗೆ ಬಂದ ಮುಂದಿನವರು

ಹತ್ತು ವರ್ಷದ ಮೇಲ್ವಿಚಾರಣೆ ಮುಗಿದರೆ ಗುಲಾಮರಾಗಿದ್ದವರು ತೋಟ ಬಿಡುತ್ತಾರೆಂದು ಮಾಲೀಕರಿಗೆ ಗೊತ್ತಿತ್ತು. ಡಚ್ಚರು 1870ರಲ್ಲಿ ಬ್ರಿಟಿಷರ ಜೊತೆ ಒಪ್ಪಂದ ಮಾಡಿಕೊಂಡರು. ಕಲ್ಕತ್ತೆಯಿಂದ ಹೊರಟ 'ಲಲ್ಲಾ ರೂಖ್' ಹಡಗು ಸುಮಾರು 400 ಭಾರತೀಯರನ್ನು ಹೊತ್ತು 1873ರ ಜೂನ್ 5ರಂದು ಸುರಿನಾಮ್ ಮುಟ್ಟಿತು. ಮೇಲ್ವಿಚಾರಣೆ ಮುಗಿಯಲು ಆಗ ಇನ್ನೂ ಒಂದು ತಿಂಗಳೂ ಇರಲಿಲ್ಲ. 1916ರವರೆಗೆ ಬಂದವರು ಸುಮಾರು 34,000, ಹೆಚ್ಚಿನವರು ಇಂದಿನ ಉತ್ತರಪ್ರದೇಶ, ಬಿಹಾರದವರು. ಐದು ವರ್ಷದ ಕರಾರು. ಕೆಲಸ ತಪ್ಪಿಸಿದರೆ ಜೈಲು. ಇದು ಗುಲಾಮಗಿರಿಯಲ್ಲ, ಕರಾರಿಗೆ ಕೊನೆಯಿತ್ತು, ಮಕ್ಕಳು ಆಸ್ತಿಯಾಗುತ್ತಿರಲಿಲ್ಲ. ಆದರೆ ತೋಟ ಅದೇ, ತೂಬು ಅದೇ, ದರ್ಪವೂ ಬಹಳ ಬದಲಾಗಿರಲಿಲ್ಲ. 1902ರಲ್ಲಿ ಮಾರಿಯನ್‌ಬರ್ಗ್ ಸಕ್ಕರೆ ತೋಟದಲ್ಲಿ ಕೂಲಿ ಜಗಳ ಹೊತ್ತಿ ವ್ಯವಸ್ಥಾಪಕ ಕೊಲೆಯಾದಾಗ ಸೈನ್ಯ ಗುಂಡು ಹಾರಿಸಿ ಹಲವು ಕೂಲಿಗಳನ್ನು ಕೊಂದಿತು.

2012ರ ಜನಗಣತಿಯಲ್ಲಿ ಭಾರತೀಯ ಮೂಲದವರು ಶೇ 27ರಷ್ಟು, ಮರೂನರು ಶೇ 22ರ ಹತ್ತಿರ. 2017ರಲ್ಲಿ ಬೆಂಗಳೂರಿನ ಪ್ರವಾಸಿ ಭಾರತೀಯ ದಿವಸಕ್ಕೆ ವಿಶೇಷ ಅತಿಥಿಯಾಗಿ ಬಂದಿದ್ದ ಮೈಕೆಲ್ ಅಶ್ವಿನ್ ಆಧಿನ್ ಆಗ ಆ ದೇಶದ ಉಪಾಧ್ಯಕ್ಷರು. ಹಾಗಾಗಿ ಗುಲಾಮಗಿರಿಗೆ ಕ್ಷಮೆ ಎಂದ ತಕ್ಷಣ ಕರಾರು ಕೂಲಿಗಳ ಲೆಕ್ಕವೇನು, ಅದಕ್ಕೂ ಮೊದಲು ನೆಲ ಕಳೆದುಕೊಂಡ ಮೂಲನಿವಾಸಿಗಳ ಲೆಕ್ಕವೇನು ಎಂಬ ಪ್ರಶ್ನೆಗಳು ಏಳುತ್ತವೆ. ಪ್ರಶ್ನೆಗಳು ನ್ಯಾಯವಾದವು, ಆದರೆ ಇವನ್ನು ಒಂದರ ವಿರುದ್ಧ ಒಂದನ್ನು ನಿಲ್ಲಿಸಿದರೆ ಲಾಭವಾಗುವುದು ಲೆಕ್ಕ ಕೊಡಬೇಕಾದವರಿಗೆ.

ಮುಂದೆ ಏನಾಗಬಹುದು

ಕ್ಯಾರಿಬಿಯನ್ ದೇಶಗಳ ಒಕ್ಕೂಟ ಕ್ಯಾರಿಕಾಮ್ 2014ರಲ್ಲಿ ಹತ್ತು ಅಂಶಗಳ ಬೇಡಿಕೆ ಮುಂದಿಟ್ಟಿತ್ತು. ಅದರಲ್ಲಿ ಕ್ಷಮೆ ಮೊದಲ ಅಂಶ ಮಾತ್ರ. ಆರೋಗ್ಯ, ಶಿಕ್ಷಣ, ಸಾಲ ಮನ್ನಾ ಮುಂತಾದವು ನಂತರದವು. ಸುರಿನಾಮ್ ಆ ಒಕ್ಕೂಟದ ಸದಸ್ಯ. ನೆದರ್‌ಲ್ಯಾಂಡ್ಸ್ ಮೊದಲ ಅಂಶದಲ್ಲೇ ನಿಂತಿದೆ, ಕಾನೂನಿನ ಹೊಣೆಯಾಗಿ ಪರಿಹಾರ ಕೊಡುವ ಲಕ್ಷಣ ಸದ್ಯಕ್ಕಿಲ್ಲ. ನಿಧಿಯ ಹಣ ಯಾರ ಕೈಯಿಂದ ಖರ್ಚಾಗುತ್ತದೆ ಎಂಬುದೇ ಮುಂದಿನ ಜಗಳವಾಗುವ ಸಾಧ್ಯತೆ ಹೆಚ್ಚು.

ಸುರಿನಾಮಿನ ಕಡಲಲ್ಲಿ ತೈಲ ಸಿಕ್ಕಿದೆ. 1,050 ಕೋಟಿ ಡಾಲರ್ ವೆಚ್ಚದ ಗ್ರಾನ್‌ಮೊರ್ಗು ಯೋಜನೆಗೆ 2024ರಲ್ಲಿ ಒಪ್ಪಿಗೆ ಬಿದ್ದು, 2028ರಲ್ಲಿ ಉತ್ಪಾದನೆಯ ಗುರಿಯಿದೆ. ಹಣ ಬಂದ ಮೇಲೆ ಹೇಗ್‌ನ, ಅಂದರೆ ಡಚ್ ಸರ್ಕಾರದ, ನೆರವಿಗೆ ಕೈಚಾಚುವ ಒತ್ತಡ ಕಡಿಮೆಯಾಗಬಹುದು. ಆದರೆ ಆಗ ಸುರಿನಾಮಿನ ರಾಜಧಾನಿ ಪಾರಮಾರಿಬೊದ ಸರ್ಕಾರವೇ ಉತ್ತರ ಹೇಳಬೇಕಾದ ವಿಷಯಗಳು ಹೆಚ್ಚು ಎದ್ದು ಕಾಣುತ್ತವೆ. 2007ರ ನವೆಂಬರ್ 28ರಂದು ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಸಾರಮಾಕರ ಪರ ತೀರ್ಪು ಕೊಟ್ಟಿತು: ಅವರ ನೆಲದ ಗಡಿ ಗುರುತಿಸಿ ಸಾಮೂಹಿಕ ಹಕ್ಕುಪತ್ರ ಕೊಡಿ, ಅವರ ನೆಲದಲ್ಲಿ ದೊಡ್ಡ ಯೋಜನೆಗಳಿಗೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಅಲ್ಲಿ ಪ್ರತಿವಾದಿಯಾಗಿದ್ದದ್ದು ಡಚ್ ದೊರೆಯಲ್ಲ, ಸ್ವತಂತ್ರ ಸುರಿನಾಮ್. ವರ್ಷಗಳು ಉರುಳಿದರೂ ಮರ, ಚಿನ್ನದ ಪರವಾನಗಿಗಳು ಆ ಕಾಡಿನ ಮೇಲೆ ಬೀಳುತ್ತಲೇ ಬಂದಿವೆ, ಗಡಿಕಲ್ಲು ನೆಟ್ಟಿಲ್ಲ.